ರೈತರು, ಮೀನುಗಾರರು, ಕೂಲಿ ಕಾರ್ಮಿಕರಿಗೆ ಮನಸ್ಸಿನ ನೆರವು: ಕೆ.ಆರ್.ಪುರದಿಂದ ಶಿವಾಜಿನಗರದವರೆಗೆ ಎಲ್ಲಿ, ಹೇಗೆ ಸಿಗುತ್ತೆ?

ಕೆ.ಆರ್.ಪುರ: ಬೆಳೆಗೆ ರೋಗ ಬಂದರೆ ರೈತ ಸಂಪರ್ಕ ಕೇಂದ್ರ, ಹಸು ಮೇವು ಬಿಟ್ಟರೆ ಪಶು ವೈದ್ಯರು. ಇದು ಪ್ರತಿ ರೈತನ ಮನೆಗೂ ಗೊತ್ತು. ಆದರೆ ಮನೆಯ ಯಜಮಾನರೇ ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡಿಲ್ಲ, ಊಟ ಸೇರ್ತಿಲ್ಲ, ಮಾತು ಕಡಿಮೆಯಾಗಿದೆ ಅಂದಾಗ ಯಾರ ಹತ್ತಿರ ಹೋಗಬೇಕು ಅನ್ನೋದು ಬಹಳ ಮನೆಗಳಲ್ಲಿ ಗೊತ್ತಿಲ್ಲ. ಬೆಂಗಳೂರು ಪೂರ್ವ ಭಾಗದವರಿಗೆ ಈ ನೆರವು ಹತ್ತಿರದಲ್ಲೇ ಇದೆ. ಫೋನ್ ಸೇವೆ ಪೂರ್ತಿ ಉಚಿತ, ಸರ್ಕಾರಿ ಆಸ್ಪತ್ರೆಯ ಖರ್ಚೂ ಕಡಿಮೆ. ವಿವರ ಇಲ್ಲಿದೆ.

ಸಿಟಿಯಲ್ಲಿ ರೈತರು ಎಲ್ಲಿದ್ದಾರೆ?

ಬೆಂಗಳೂರು ಪೂರ್ವ ಅಂದರೆ ಟೆಕ್ ಪಾರ್ಕ್, ಅಪಾರ್ಟ್‌ಮೆಂಟ್ ಅಷ್ಟೇ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಬಿದರಹಳ್ಳಿ, ವರ್ತೂರು ಹೋಬಳಿಗಳ ಕಡೆ ಹೋದರೆ ಇನ್ನೂ ಸೊಪ್ಪು, ತರಕಾರಿ, ಹೂವು ಬೆಳೆಯುವವರಿದ್ದಾರೆ. ಡೇರಿಗೆ ಹಾಲು ಹಾಕಿ ಜೀವನ ಮಾಡುವ ಕುಟುಂಬಗಳಿವೆ. ಕೆರೆಗಳಲ್ಲಿ ಗುತ್ತಿಗೆದಾರರ ಕೈಕೆಳಗೆ ಬಲೆ ಹಾಕುವವರು, ನರ್ಸರಿಗಳಲ್ಲಿ ಸಸಿ ಬೆಳೆಸುವವರು, ಮರ ಕತ್ತರಿಸುವ ಕೆಲಸಗಾರರಿದ್ದಾರೆ. ಶಿವಾಜಿನಗರದ ರಸೆಲ್ ಮಾರ್ಕೆಟ್‌ನ ಹೂವು, ಮೀನಿನ ಹಿಂದೆ ಇರುವುದೂ ಇಂಥವರದೇ ದುಡಿಮೆ.

ಇವರ ಒತ್ತಡ ಬಯಲುಸೀಮೆಯ ರೈತರ ಒತ್ತಡಕ್ಕಿಂತ ಸ್ವಲ್ಪ ಬೇರೆ. ಒಂದು ಉದಾಹರಣೆ ಪೆರಿಫೆರಲ್ ರಿಂಗ್ ರೋಡ್. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೆ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆಗೆ ಸೇರಬೇಕಾದ ಸುಮಾರು 73 ಕಿ.ಮೀ. ರಸ್ತೆಗೆ 2007ರಲ್ಲೇ ಅಂತಿಮ ಅಧಿಸೂಚನೆ ಆಗಿದೆ. ಈಗ ಅದರ ಹೆಸರು ಬೆಂಗಳೂರು ಬಿಸಿನೆಸ್ ಕಾರಿಡಾರ್. ಇಷ್ಟು ವರ್ಷ ಆ ಜಮೀನನ್ನು ಮಾರಲೂ ಆಗದೆ, ಅದರ ಮೇಲೆ ಬ್ಯಾಂಕ್ ಸಾಲ ತೆಗೆಯಲೂ ಆಗದೆ ಕಾದ ಕುಟುಂಬಗಳಿವೆ. ಕೋಟಿ ಬೆಲೆಯ ಭೂಮಿ ಇದ್ದೂ ಮಗಳ ಮದುವೆಗೆ ಕೈಸಾಲ ಮಾಡಬೇಕಾದ ಸ್ಥಿತಿ.

ಕೆರೆ ನಂಬಿದವರ ಕಷ್ಟ ಇನ್ನೊಂದು ಥರ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದ್ದನ್ನು ಈ ಭಾಗದವರು ಮರೆತಿಲ್ಲ. ಬೆಳ್ಳಂದೂರು ಕೆರೆಯ ನೊರೆ, ಬೆಂಕಿ ದೇಶಕ್ಕೇ ಸುದ್ದಿಯಾಯಿತು. ಕೊಳಚೆ ನೀರು ನುಗ್ಗಿದ ದಿನ ಬಲೆ ಹಾಕುವವರಿಗೂ, ಕೆರೆ ಅಂಚಿನ ಹುಲ್ಲು ಕುಯ್ದು ಹಸು ಸಾಕುವವರಿಗೂ ಆ ದಿನದ ಸಂಪಾದನೆ ಹೋದಂತೆಯೇ.

ಜಮೀನು ಇಲ್ಲದವರ ಪಾಡು ಸುದ್ದಿಯಾಗುವುದು ಕಡಿಮೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದ ಕೃಷಿ ವಲಯದಲ್ಲಿ 11,290 ಜನ ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಇವರಲ್ಲಿ ಕೃಷಿಕರು 5,207, ಕೃಷಿ ಕೂಲಿಗಳು 6,083. ಅಂದರೆ ಕೂಲಿಯವರೇ ಜಾಸ್ತಿ. ಆ ವರ್ಷ ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು.

ಗುರುತಿಸುವುದು ಹೇಗೆ?

ನಮ್ಮ ಕಡೆ ಯಾರೂ 'ನನಗೆ ಖಿನ್ನತೆ' ಅಂತ ಹೇಳಲ್ಲ. 'ಎದೆ ಡವಡವ ಅಂತಿದೆ', 'ಗ್ಯಾಸ್ ತುಂಬಿಕೊಂಡಿದೆ', 'ಕೈಕಾಲಲ್ಲಿ ಶಕ್ತಿನೇ ಇಲ್ಲ', 'ತಲೆ ಭಾರ' ಅಂತಾರೆ. ಕ್ಲಿನಿಕ್‌ಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬರ್ತಾರೆ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಸರಿ ಇದ್ದರೂ ಸಂಕಟ ಮಾತ್ರ ಹೋಗಲ್ಲ.

ಈ ಕೆಳಗಿನವು ಎರಡು ವಾರಕ್ಕಿಂತ ಹೆಚ್ಚು ಕಾಲ ಇದ್ದರೆ ವೈದ್ಯರನ್ನು ಕಾಣಬೇಕು:

- ರಾತ್ರಿ ಎರಡು, ಮೂರು ಗಂಟೆಗೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು
- ಊಟ ಸೇರದಿರುವುದು, ಮೈ ಇಳಿಯುವುದು
- ಹೊಲ, ಹಸು, ಮಕ್ಕಳು ಯಾವುದರ ಮೇಲೂ ಆಸಕ್ತಿ ಇಲ್ಲದಿರುವುದು
- ಸಣ್ಣ ಮಾತಿಗೂ ರೇಗುವುದು, ಅಥವಾ ಸುಮ್ಮನೆ ಕೂತುಬಿಡುವುದು
- ಕುಡಿತ ದಿನೇ ದಿನೇ ಜಾಸ್ತಿಯಾಗುವುದು

'ನಾನಿದ್ದು ಏನು ಪ್ರಯೋಜನ', 'ಇನ್ನು ಸ್ವಲ್ಪ ದಿನ ಅಷ್ಟೆ' ಅನ್ನುವ ಮಾತು ಬಂದರೆ, ಇದ್ದಕ್ಕಿದ್ದಂತೆ ಪಾಸ್‌ಬುಕ್, ಪಹಣಿ ಎಲ್ಲ ಹೆಂಡತಿ ಕೈಗೆ ಕೊಟ್ಟು ವಿವರ ಹೇಳಿದರೆ ಎರಡು ವಾರ ಕಾಯುವ ಹಾಗಿಲ್ಲ. ಅದೇ ದಿನ ನೆರವು ಕೊಡಿಸಬೇಕು.

ಮೊದಲ ಕರೆ: 14416

ಇದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶದ ಈ ಸೇವೆಗೆ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. 14416ಕ್ಕೆ ಕರೆ ಹೋಗದಿದ್ದರೆ 1800-891-4416ಕ್ಕೆ ಮಾಡಬಹುದು.

ಮೊದಲು ತರಬೇತಿ ಪಡೆದ ಆಪ್ತ ಸಮಾಲೋಚಕರು ಮಾತಾಡುತ್ತಾರೆ. ಅಗತ್ಯ ಬಿದ್ದರೆ ಮನೋವೈದ್ಯರಿಗೆ ಸಂಪರ್ಕ ಕೊಡುತ್ತಾರೆ, ಹತ್ತಿರದ ಆಸ್ಪತ್ರೆ ಯಾವುದು ಅಂತಲೂ ಹೇಳುತ್ತಾರೆ. ಏನು ಮಾತಾಡಬೇಕು ಅಂತ ಗೊತ್ತಾಗದಿದ್ದರೆ 'ನಿದ್ದೆ ಬರ್ತಿಲ್ಲ, ಸಾಲದ ಯೋಚನೆ' ಅಂದರೂ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ. ಕಷ್ಟದಲ್ಲಿರುವವರು ಮಾತಾಡಲು ಒಪ್ಪದಿದ್ದರೆ ಮನೆಯವರೇ ಕರೆ ಮಾಡಿ 'ನಾವೇನು ಮಾಡಬೇಕು' ಅಂತ ಕೇಳಬಹುದು.

ಜೀವಕ್ಕೆ ಅಪಾಯ ಅನ್ನಿಸಿದರೆ ನೇರವಾಗಿ 112 ಅಥವಾ 108.

ಹತ್ತಿರದ ಆಸ್ಪತ್ರೆಗಳು

ಶಿವಾಜಿನಗರ, ಹಲಸೂರು, ಇಂದಿರಾನಗರದವರಿಗೆ ಹತ್ತಿರದ್ದು ಲೇಡಿ ಕರ್ಜನ್ ರಸ್ತೆಯ ಬೌರಿಂಗ್ ಆಸ್ಪತ್ರೆ. ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ್ದರಿಂದ ಅಲ್ಲಿ ಮನೋವೈದ್ಯ ವಿಭಾಗ ಇದೆ. ಕೆ.ಆರ್.ಪುರ ಕಡೆಯವರು ನೇರಳೆ ಮಾರ್ಗದ ಮೆಟ್ರೋದಲ್ಲಿ ಎಂ.ಜಿ. ರಸ್ತೆಗೆ ಬಂದು ಅಲ್ಲಿಂದ ಆಟೋ ಹಿಡಿಯಬಹುದು.

ಕೆ.ಆರ್.ಪುರದ ಸರ್ಕಾರಿ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆಗೂ ಮೊದಲು ಹೋಗಬಹುದು. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದು ನೋಡುವ 'ಮನೋಚೈತನ್ಯ' ಕಾರ್ಯಕ್ರಮ ರಾಜ್ಯದಲ್ಲಿದೆ. ಮಂಗಳವಾರದ ಕ್ಲಿನಿಕ್ ಅಂತಲೇ ಇದು ಹೆಸರಾಗಿದ್ದು. ನಿಮ್ಮ ಆಸ್ಪತ್ರೆಗೆ ವೈದ್ಯರು ಯಾವ ದಿನ ಬರುತ್ತಾರೆ ಅಂತ ನೋಂದಣಿ ಕೌಂಟರ್‌ನಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ ಹೋದರೆ ಒಂದು ದಿನದ ಕೂಲಿ ಉಳಿಯುತ್ತೆ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ಚಿಕಿತ್ಸೆ ರಾತ್ರಿಯೂ ಇರುತ್ತೆ. ಹೊರರೋಗಿಗಳಾಗಿ ಹೋಗುವವರು ಬೆಳಗ್ಗೆ ಬೇಗ ತಲುಪಬೇಕು. ಆಧಾರ್ ಜೊತೆ ಬಿಪಿಎಲ್ ಕಾರ್ಡ್ ಮರೆಯಬಾರದು, ಆ ಕಾರ್ಡ್ ಇದ್ದರೆ ರಿಯಾಯಿತಿ ಸಿಗುತ್ತೆ. 'ನಿಮ್ಹಾನ್ಸ್‌ಗೆ ಹೋದರೆ ಹುಚ್ಚು ಅಂತಾರೆ' ಅನ್ನೋ ಭಯ ಇನ್ನೂ ಹೋಗಿಲ್ಲ. ಆದರೆ ಅಲ್ಲಿ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ನಿದ್ದೆ ಸಮಸ್ಯೆ, ಎಲ್ಲದಕ್ಕೂ ಜನ ಬರುತ್ತಾರೆ.

ಮಾತ್ರೆ ಕೊಟ್ಟರೆ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯಬಹುದು. 'ನಾಲ್ಕು ದಿನ ತಗೊಂಡೆ, ಏನೂ ಆಗ್ಲಿಲ್ಲ' ಅಂತ ಬಿಡಬಾರದು. ಸ್ವಲ್ಪ ಚೆನ್ನಾಗಿದ್ದೀನಿ ಅಂತ ತಾವೇ ನಿಲ್ಲಿಸಲೂಬಾರದು.

ಕುಡಿತ ಬಿಡಬೇಕು ಅನ್ನುವವರು ದಿನಾ ಕುಡಿಯುತ್ತಿದ್ದರೆ ಒಂದೇ ಸಲ ನಿಲ್ಲಿಸುವುದು ಅಪಾಯ. ಫಿಟ್ಸ್ ಬರಬಹುದು. ಅದನ್ನೂ ವೈದ್ಯರ ಕೈಕೆಳಗೇ ಮಾಡಬೇಕು. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446.

ಮನೆಯವರು, ಪಕ್ಕದ ಹೊಲದವರು ಏನು ಮಾಡಬಹುದು?

ಅನುಮಾನ ಬಂದರೆ ನೇರವಾಗಿ ಕೇಳಿ. 'ಅಣ್ಣ, ಬದುಕೋದೇ ಬೇಡ ಅನ್ನಿಸ್ತಿದೆಯಾ?' ಅಂತ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅನ್ನೋದು ತಪ್ಪು ನಂಬಿಕೆ. ಕೇಳುವವರು ಒಬ್ಬರು ಸಿಕ್ಕರು ಅಂತ ಮನಸ್ಸು ಹಗುರವಾಗುವುದೇ ಹೆಚ್ಚು. 'ಗಂಡಸಾಗಿ ಅಳ್ತೀಯಲ್ಲ', 'ಊರಲ್ಲಿ ಯಾರಿಗಿಲ್ಲ ಸಾಲ' ಅನ್ನಬೇಡಿ. ಉಪದೇಶಕ್ಕಿಂತ ಜೊತೆಗೆ ಕೂತು ಕೇಳುವುದು ಮುಖ್ಯ. ಅಪಾಯ ಇದೆ ಅನ್ನಿಸಿದರೆ ಒಬ್ಬರನ್ನೇ ಬಿಡಬೇಡಿ.

ಔಷಧಿ ಹೊಡೆಯುವ ಮನೆಗಳಿಗೆ ಇನ್ನೊಂದು ಮಾತು. ಕೀಟನಾಶಕ, ಕಳೆನಾಶಕ ಮನೆಯೊಳಗೆ ಇಡಬೇಡಿ. ಬೇಕಾದಷ್ಟೇ ತನ್ನಿ, ಉಳಿದದ್ದಕ್ಕೆ ಬೀಗ ಹಾಕಿ, ಕೀಲಿ ಬೇರೆಯವರ ಹತ್ತಿರ ಇರಲಿ. ಸಾಯಬೇಕು ಅನ್ನುವ ತೀವ್ರ ಆಲೋಚನೆ ಬಹಳ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತು ದಾಟಿದರೆ ಜೀವ ಉಳಿಯುತ್ತೆ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆ ಪ್ರಮಾಣ ದೊಡ್ಡ ಮಟ್ಟದಲ್ಲಿ ಇಳಿದಿದೆ.

ಸಾಲ, ಜಮೀನಿನ ಚಿಂತೆಗೆ ಬೇರೆ ಬಾಗಿಲು

ಮಾತ್ರೆಯಿಂದ ಸಾಲ ತೀರಲ್ಲ, ನಿಜ. ಆದರೆ ನಿದ್ದೆ ಇಲ್ಲದ ತಲೆಯಲ್ಲಿ ಸಾಲದ ಲೆಕ್ಕವೂ ಹತ್ತೋದಿಲ್ಲ. ಎರಡಕ್ಕೂ ಒಟ್ಟಿಗೇ ಓಡಾಡಬೇಕು.

ಮೈಕ್ರೋಫೈನಾನ್ಸ್ ವಸೂಲಿಯವರು ಮನೆ ಮುಂದೆ ಕೂತು ಕಿರುಕುಳ ಕೊಟ್ಟರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. 2025ರಲ್ಲಿ ರಾಜ್ಯ ಸರ್ಕಾರ ಇದಕ್ಕೆಂದೇ ಕಾನೂನು ತಂದಿದ್ದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ ಇದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಬೆಳಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ.

ಭೂಸ್ವಾಧೀನ, ಪರಿಹಾರ, ಭಾಗದ ತಕರಾರು ಇದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಬೆಳೆ, ಹೈನುಗಾರಿಕೆ, ಮೀನು ಸಾಕಣೆ ಬಗ್ಗೆ ಸಲಹೆಗೆ ಕಿಸಾನ್ ಕಾಲ್ ಸೆಂಟರ್ 1800-180-1551.

ಕೇಸ್ ಆಗುತ್ತಾ? ಊರಿಗೆ ಗೊತ್ತಾಗುತ್ತಾ?

ಈ ಎರಡು ಭಯದಿಂದಲೇ ಎಷ್ಟೋ ಜನ ತಡ ಮಾಡುತ್ತಾರೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಆರೈಕೆ, ಚಿಕಿತ್ಸೆ ಕೊಡುವುದು ಸರ್ಕಾರದ ಕರ್ತವ್ಯ ಅನ್ನುತ್ತದೆ. ಹಾಗಾಗಿ ಕೇಸಿಗೆ ಹೆದರಿ ಆಸ್ಪತ್ರೆಗೆ ಕರೆದೊಯ್ಯಲು ಒಂದು ನಿಮಿಷವೂ ತಡ ಮಾಡಬಾರದು. ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ.

ಫೋನ್‌ನಲ್ಲಿ ಸೇವ್ ಮಾಡಿಕೊಳ್ಳಿ

- ಟೆಲಿ ಮಾನಸ್ (ದಿನದ 24 ಗಂಟೆ): 14416 ಅಥವಾ 1800-891-4416
- ತುರ್ತು ಸೇವೆ: 112, ಆಂಬುಲೆನ್ಸ್: 108
- ವ್ಯಸನಮುಕ್ತಿ: 14446
- ಕಾನೂನು ನೆರವು: 15100
- ಕಿಸಾನ್ ಕಾಲ್ ಸೆಂಟರ್: 1800-180-1551

ಕೀಪ್ಯಾಡ್ ಫೋನ್ ಇರುವ ಅಪ್ಪ, ಅಮ್ಮಂದಿರಿಗೆ ಮಕ್ಕಳೇ 14416 ಸೇವ್ ಮಾಡಿಕೊಡಿ. ಡೇರಿ, ಗೊಬ್ಬರದ ಅಂಗಡಿ, ನರ್ಸರಿಯ ಗೋಡೆ ಮೇಲೆ ಬರೆದಿಟ್ಟರೂ ಒಂದು ದಿನ ಯಾರಿಗಾದರೂ ಬೇಕಾಗುತ್ತೆ.