ಕದ್ದಾಲಿಕೆ ಮತ್ತು ಖಾಸಗಿತನ: ಒಂದು ಚಾರಿತ್ರಿಕ ವಿವೇಚನೆ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸ್ಮಾರ್ಟ್‌ಫೋನಿನ ನೆರವಿಲ್ಲದೆ ನಡೆಯುವ ವ್ಯವಹಾರ ಇಂದು ವಿರಳವಾಗಿದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಇ-ಹರಾಜು ಬಂದಿದೆ. ಚಿಂತಾಮಣಿಯ ಮಂಡಿಯ ಟೊಮೇಟೊ ಧಾರಣೆ ಕ್ಷಣಮಾತ್ರದಲ್ಲಿ ಹಳ್ಳಿಯನ್ನು ತಲಪುತ್ತದೆ. ಇದರ ಜೊತೆಯಲ್ಲಿಯೇ ಒಂದು ಶಂಕೆಯೂ ಜನರಲ್ಲಿ ಬೆಳೆದಿದೆ. ಮನೆಯಲ್ಲಿ ಪಂಪುಸೆಟ್ಟಿನ ಮಾತೆತ್ತಿದರೆ ಮರುದಿನವೇ ಅದರ ಜಾಹೀರಾತು ಫೋನಿನಲ್ಲಿ ಕಾಣುತ್ತದೆ. ಹಾಗಾದರೆ ಈ ಯಂತ್ರವು ನಮ್ಮ ಮಾತನ್ನು ಕದ್ದು ಕೇಳುತ್ತಿದೆಯೆ? ಈ ಪ್ರಶ್ನೆ ಹೊಸದೆಂದು ತೋರಿದರೂ ಇದರ ಹಿಂದೆ ಒಂದು ಇತಿಹಾಸವುಂಟು. ಆ ಇತಿಹಾಸದಲ್ಲಿ ಕರ್ನಾಟಕದ ಪಾತ್ರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆಲಿಸುವುದೇ ದೋಷವೆಂದು ಹೇಳುವಂತಿಲ್ಲ. ಇದೇ ಜಿಲ್ಲೆಯ ಗೌರಿಬಿದನೂರಿನ ಬಳಿ 1960ರ ದಶಕದ ಮಧ್ಯಭಾಗದಿಂದ ಭೂಕಂಪನಮಾಪಕಗಳ ಜಾಲವೊಂದು ಕೆಲಸ ಮಾಡುತ್ತಿದೆ; ದೂರದೇಶಗಳಲ್ಲಿ ನಡೆಯುವ ಭೂಗತ ಪರಮಾಣು ಸ್ಫೋಟಗಳ ಕಂಪನವನ್ನೂ ಅದು ಗುರುತಿಸಬಲ್ಲದು. 1976ರಲ್ಲಿ ಅಲ್ಲಿಯೇ ಸ್ಥಾಪಿತವಾದ ರೇಡಿಯೋ ವೀಕ್ಷಣಾಲಯವು ಆಕಾಶದ ಅಲೆಗಳನ್ನು ಗ್ರಹಿಸುತ್ತದೆ. ಇವುಗಳಿಂದ ಯಾರಿಗೂ ಅನ್ಯಾಯವಾಗದು. ಏಕೆಂದರೆ ಭೂಮಿಯ ಕಂಪನಕ್ಕೂ ನಕ್ಷತ್ರದ ಅಲೆಗೂ ಒಡೆಯರಿಲ್ಲ. ಮಾತಿಗಾದರೋ ಆಡಿದವನೇ ಒಡೆಯ. ಅವನ ಒಪ್ಪಿಗೆಯಿಲ್ಲದೆ, ನ್ಯಾಯವಾದ ಅಧಿಕಾರವೂ ಇಲ್ಲದೆ ಅದನ್ನು ಕೇಳುವುದೇ ಕದ್ದಾಲಿಕೆ.

ಈ ವಿವೇಕ ನಮ್ಮ ಜನರಿಗೆ ಹೊಸತಲ್ಲ. ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಕೈಗೆ ಕೈ ಸೇರಿಸಿ, ಬೆರಳುಗಳ ಸಂಜ್ಞೆಯಿಂದಲೇ ಬೆಲೆ ಕುದುರಿಸುವ ಪದ್ಧತಿ ಸರ್ವವಿದಿತವಾದುದು. ವ್ಯಾಪಾರ ನಡೆಯುವುದು ನೂರಾರು ಜನರ ನಡುವೆ. ಬೆಲೆ ತಿಳಿಯುವುದು ಇಬ್ಬರಿಗೆ ಮಾತ್ರ. ಅಪರಾಧವನ್ನು ಮುಚ್ಚಿಡುವುದಕ್ಕಾಗಿ ಹುಟ್ಟಿದ ಪದ್ಧತಿ ಇದಲ್ಲ. ತನ್ನ ವಿಷಯವನ್ನು ಯಾರಿಗೆ ಎಷ್ಟು ತಿಳಿಸಬೇಕೆಂಬುದನ್ನು ತಾನೇ ನಿರ್ಧರಿಸುವ ಸ್ವಾತಂತ್ರ್ಯ ಇದರ ಮೂಲದಲ್ಲಿದೆ. ಖಾಸಗಿತನವೆಂದರೆ ಇದೇ.

ಆದರೆ ಕಾನೂನು ಈ ಸ್ವಾತಂತ್ರ್ಯವನ್ನು ಒಪ್ಪಿಕೊಂಡದ್ದು ಬಹು ತಡವಾಗಿ. 1885ರ ಟೆಲಿಗ್ರಾಫ್ ಕಾಯಿದೆಯ 5ನೆಯ ಪ್ರಕರಣವು ಸಾರ್ವಜನಿಕ ತುರ್ತುಸ್ಥಿತಿಯಲ್ಲಿ ಅಥವಾ ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಸಂದೇಶಗಳನ್ನು ತಡೆಹಿಡಿಯುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತ್ತು. ಪರಕೀಯ ಆಳಿಕೆ ಅಳಿದ ಮೇಲೂ ಆ ಅಧಿಕಾರ ಉಳಿಯಿತು. 1954ರಲ್ಲಿ ಎಂಟು ನ್ಯಾಯಾಧೀಶರ ಪೀಠವೂ 1962ರಲ್ಲಿ ಆರು ನ್ಯಾಯಾಧೀಶರ ಪೀಠವೂ ಖಾಸಗಿತನವನ್ನು ಸಂವಿಧಾನದತ್ತ ಹಕ್ಕೆಂದು ಎಣಿಸಲಿಲ್ಲ. 1962ರ ಪ್ರಕರಣದಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಅವರು ಬರೆದ ಭಿನ್ನಮತವು ಮುಂದಿನ ಕಾಲಕ್ಕೆ ದಾರಿದೀಪವಾಯಿತು.

ಕರ್ನಾಟಕದಲ್ಲಿ ಈ ವಿಷಯವು ರಾಜಕೀಯ ಸಂಕಟದ ರೂಪದಲ್ಲಿ ಮೊದಲು ಜನರ ಮುಂದೆ ಬಂದಿತು. 1983ರಿಂದ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರು ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ 1988ರ ಆಗಸ್ಟಿನಲ್ಲಿ ರಾಜೀನಾಮೆಯಿತ್ತರು. ಎಸ್. ಆರ್. ಬೊಮ್ಮಾಯಿಯವರು ಅವರ ಸ್ಥಾನಕ್ಕೆ ಬಂದರು. ಒಂದು ಜನಪ್ರಿಯ ಸರ್ಕಾರದ ನಾಯಕತ್ವವೇ ಬದಲಾಯಿತು. ಆದರೆ ಕದ್ದಾಲಿಕೆಯ ಕಾನೂನು ಇದ್ದಂತೆಯೇ ಇದ್ದಿತು. ವ್ಯಕ್ತಿ ಹೊಣೆ ಹೊತ್ತಮಾತ್ರಕ್ಕೆ ವ್ಯವಸ್ಥೆ ತಿದ್ದುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ತಿದ್ದುಪಡಿಯ ಮೊದಲ ಹೆಜ್ಜೆ 1996ರ ಡಿಸೆಂಬರಿನದು. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿ.ಯು.ಸಿ.ಎಲ್. ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ದೂರವಾಣಿಯ ಸಂಭಾಷಣೆಯೂ ಖಾಸಗಿ ಜೀವನದ ಅಂಗವೆಂದು ಸಾರಿತು. ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆಜ್ಞೆ ಬೇಕು; ಆಜ್ಞೆಯನ್ನು ನವೀಕರಿಸದಿದ್ದರೆ ಎರಡು ತಿಂಗಳಿಗೆ ಅದು ಮುಗಿಯಬೇಕು; ಒಟ್ಟು ಅವಧಿ ಆರು ತಿಂಗಳನ್ನು ಮೀರಬಾರದು; ಪರಿಶೀಲನಾ ಸಮಿತಿಯೊಂದು ಅದನ್ನು ನೋಡಬೇಕು ಎಂದು ನ್ಯಾಯಾಲಯ ವಿಧಿಸಿತು.

ಎರಡನೆಯ ಹೆಜ್ಜೆಯೊಡನೆ ಕನ್ನಡನಾಡಿನ ನ್ಯಾಯಾಧೀಶರೊಬ್ಬರ ಹೆಸರು ಶಾಶ್ವತವಾಗಿ ಸೇರಿಕೊಂಡಿದೆ. ಕರ್ನಾಟಕ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ನಿರ್ಣಯಿಸಿ, ಹಿಂದಿನ ವಿರುದ್ಧ ಅಭಿಪ್ರಾಯಗಳನ್ನು ತಳ್ಳಿಹಾಕಿತು. 2024ರಲ್ಲಿ ಪುಟ್ಟಸ್ವಾಮಿಯವರು ನಿಧನರಾದರು. ಅವರ ಹೆಸರಿನ ತೀರ್ಪು ಇಂದು ಕಾನೂನು ವಿದ್ಯಾರ್ಥಿಗಳೆಲ್ಲರಿಗೂ ಪಾಠವಾಗಿದೆ.

ಹಕ್ಕು ಘೋಷಿತವಾದೊಡನೆ ಭಯ ಅಳಿಯಲಿಲ್ಲ. ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶದ ವಾರ್ತೆ 2021ರ ಜುಲೈನಲ್ಲಿ ದೇಶವನ್ನು ಕಲಕಿತು. ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಜ್ಞರ ಸಮಿತಿಯೊಂದು ಪರೀಕ್ಷೆ ನಡೆಸಿತು. ಪರೀಕ್ಷಿಸಿದ 29 ಫೋನುಗಳ ಪೈಕಿ 5ರಲ್ಲಿ ದುಷ್ಟ ತಂತ್ರಾಂಶ ಕಂಡುಬಂದಿತು. ಅದು ಪೆಗಾಸಸ್ಸೇ ಎಂದು ಸಿದ್ಧಪಡಲಿಲ್ಲ.

ಇಲ್ಲಿಯವರೆಗೆ ನಾವು ವಿಚಾರಿಸಿದ್ದು ಬಹುಮಟ್ಟಿಗೆ ಆಳುವವರ ಕಿವಿಯನ್ನು ಕುರಿತು. ಜಾಹೀರಾತಿನ ಶಂಕೆ ವರ್ತಕರ ಕಿವಿಗೆ ಸಂಬಂಧಿಸಿದ್ದು. 2018ರಲ್ಲಿ ಅಮೆರಿಕದ ವಿದ್ವಾಂಸರು 17,260 ಆಪ್‌ಗಳನ್ನು ಪರೀಕ್ಷಿಸಿದಾಗ, ಗುಟ್ಟಾಗಿ ಮೈಕನ್ನು ತೆರೆದು ಮಾತನ್ನು ಸಾಗಿಸಿದ ಉದಾಹರಣೆ ದೊರೆಯಲಿಲ್ಲ. ಕೆಲವು ಆಪ್‌ಗಳು ಪರದೆಯ ಚಿತ್ರವನ್ನು ಹೊರಗೆ ಕಳುಹಿಸುತ್ತಿದ್ದುದು ಮಾತ್ರ ಬಯಲಾಯಿತು. 2019ರಲ್ಲಿ ಅಮೆಜಾನ್, ಗೂಗಲ್, ಆಪಲ್ ಸಂಸ್ಥೆಗಳ ಧ್ವನಿಸಹಾಯಕಗಳು ದಾಖಲಿಸಿದ ಮಾತಿನ ಅಂಶಗಳನ್ನು ಮನುಷ್ಯರೇ ಕೇಳಿ ಪರಿಶೀಲಿಸುತ್ತಿದ್ದರೆಂಬುದು ಹೊರಬಿದ್ದಿತು. ಆದುದರಿಂದ ಜನರ ಶಂಕೆ ಅಕ್ಷರಶಃ ಸಿದ್ಧವಾಗದಿದ್ದರೂ ನಿರಾಧಾರವೆನ್ನಲಾಗದು. ನಾವು ಹುಡುಕಿದ್ದು, ತಿರುಗಾಡಿದ್ದು, ಕೊಂಡದ್ದು ಇವೆಲ್ಲವೂ ದಾಖಲಾಗುತ್ತಿರುವಾಗ, ನಮ್ಮ ಬಯಕೆಯನ್ನು ಊಹಿಸಲು ಮಾತನ್ನು ಕೇಳುವ ಅಗತ್ಯವೇ ಅವರಿಗಿಲ್ಲ.

ಈ ದಾಖಲೆಗಳ ಸಂಗ್ರಹಕ್ಕೆ ಆಧಾರ ನಮ್ಮದೇ ಒಪ್ಪಿಗೆ. ಒಪ್ಪಿಗೆಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿವಳಿಕೆಯಿಂದ ಕೂಡಿದುದೂ ಆಗಿರಬೇಕೆಂದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಕೋರಿದವರಿಗೆ ಸೂಚನಾಪತ್ರವು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ, ಎಂದರೆ ಕನ್ನಡದಲ್ಲಿಯೂ, ದೊರೆಯಬೇಕೆಂಬುದು ಅದರ ವಿಧಿ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಆದರೆ ಸರ್ಕಾರದ ಅಂಗಸಂಸ್ಥೆಗಳಿಗೆ ವಿನಾಯಿತಿ ನೀಡುವ ಅವಕಾಶವನ್ನೂ ಅದೇ ಕಾಯಿದೆ ಉಳಿಸಿಕೊಂಡಿರುವುದು ಗಮನಾರ್ಹ.

ಈ ಇತಿಹಾಸದಿಂದ ತಿಳಿದುಬರುವ ತತ್ತ್ವ ಒಂದೇ. ಯಂತ್ರವು ಮುಂದೆ ನಡೆದಿದೆ. ಕಾನೂನು ಹಿಂದೆ ಬಂದಿದೆ. ನಡುವಿನ ಅವಧಿಯಲ್ಲಿ ಜನರು ರಕ್ಷಣೆಯಿಲ್ಲದೆ ಉಳಿದಿದ್ದಾರೆ. ಆ ಅಂತರವನ್ನು ಕಿರಿದುಗೊಳಿಸಿದವರು ಪ್ರಶ್ನೆ ಕೇಳಿದವರೇ ಹೊರತು ಯಂತ್ರವನ್ನು ತೊರೆದವರಲ್ಲ. ರಾಜಕಾರಣಿಗಳ ಫೋನಿನ ನೆಪದಿಂದ ದೊರೆತ ರಕ್ಷಣೆ ಶಿಡ್ಲಘಟ್ಟದ ಗೂಡು ಬೆಳೆಗಾರನಿಗೂ ಸಲ್ಲಬೇಕಾದರೆ, ಒಪ್ಪಿಗೆಯ ಪತ್ರವನ್ನು ಅವನು ತನ್ನ ನುಡಿಯಲ್ಲಿ ಓದಿ, ಬೇಡವೆನಿಸಿದಾಗ ವ್ಯವಹಾರ ಕೆಡದಂತೆ ನಿರಾಕರಿಸಲು ಶಕ್ತನಾಗಬೇಕು. ಆ ಪತ್ರವನ್ನು ಓದುವುದನ್ನೂ ಪ್ರಶ್ನಿಸುವುದನ್ನೂ ಕಲಿಸುವುದು ನಮ್ಮ ಕಾಲೇಜುಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.