ಭಂಡಾರಿಯ ಮನೆಯವರು

ಅರಮನೆಯಲ್ಲಿ ಅಧಿಕಾರ ನಡೆಸಿದವರ ಚರಿತ್ರೆಯನ್ನು ನಾವು ಯುದ್ಧ, ತೆರಿಗೆ, ಪಟ್ಟಾಭಿಷೇಕಗಳ ಲೆಕ್ಕದಲ್ಲಿ ಓದುವುದೇ ಹೆಚ್ಚು. ಅವರಿಗೂ ಒಂದು ಮನೆಯಿತ್ತು, ಒಡಹುಟ್ಟಿದವರಿದ್ದರು, ಸತಿ ಸುತರಿದ್ದರು ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಆದರೆ ಅಧಿಕಾರಿಯೊಬ್ಬನು ಸತ್ಯದ ಪಕ್ಷದಲ್ಲಿ ನಿಂತಾಗ ಅದರ ಬೆಲೆಯನ್ನು ಅವನೊಬ್ಬನೇ ತೆರುವುದಿಲ್ಲ; ಅವನ ಮನೆಯವರೂ ತೆರುತ್ತಾರೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ನೆಲ ಇಂತಹ ಒಂದು ಮನೆತನದ ನೆನಪನ್ನು ಎಂಟುನೂರು ವರ್ಷಗಳಿಂದ ಕಾಪಾಡಿಕೊಂಡು ಬಂದಿದೆ. ಅದು ಕಲಚುರಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮನೆತನ.

ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆಯನ್ನು ತರ್ದವಾಡಿ ಸಾಸಿರ ನಾಡು ಎಂದು ಕರೆಯುತ್ತಿದ್ದರು. ಆ ಹೆಸರನ್ನು ಕೊಟ್ಟ ಊರು ಹಿಂದಿನ ಇಂಡಿ ತಾಲೂಕಿನ ತದ್ದೇವಾಡಿ. ಈ ನಾಡಿನೊಳಗಿನ ಬಾಗೇವಾಡಿ ಅಗ್ರಹಾರದ ಮುಖ್ಯಸ್ಥ ಮಾದರಸ. ಆತನ ಪತ್ನಿ ಮಾದಲಾಂಬಿಕೆ. ಅವರ ಮಗನಾಗಿ ಬಸವಣ್ಣ ಜನಿಸಿದ್ದು 1131ರ ಸುಮಾರಿಗೆ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಬಾಗೇವಾಡಿಗೆ ಸಮೀಪದ ಇಂಗಳೇಶ್ವರವು ತಾಯಿಯ ತವರೂರೆಂಬುದು ಅಲ್ಲಿನವರ ನಂಬಿಕೆ. ಅಕ್ಕ ನಾಗಮ್ಮನ ಅಕ್ಕರೆಯಲ್ಲಿ ಬೆಳೆದ ಬಾಲಕ, ಜನಿವಾರದ ಸಂಸ್ಕಾರವನ್ನು ನಿರಾಕರಿಸಿ ಮನೆ ತೊರೆದು, ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ವಿದ್ಯಾರ್ಜನೆಗೆ ನಿಂತನೆಂದು ಪುರಾಣಗಳು ಹೇಳುತ್ತವೆ. ಕುಟುಂಬದೊಡನೆ ಅವರ ಮೊದಲ ಬಿಕ್ಕಟ್ಟು ಅದೇ. ತಂದೆಯ ಮನೆಯ ಬಾಗಿಲು ಮುಚ್ಚಿದರೂ ಅಕ್ಕನ ಮನಸ್ಸಿನ ಬಾಗಿಲು ಮುಚ್ಚಲಿಲ್ಲ.

ಆ ಕಾಲದಲ್ಲಿ ಬಿಜ್ಜಳನು ಕಲ್ಯಾಣದ ಚಾಲುಕ್ಯರ ಮಾಂಡಲಿಕನಾಗಿ ಮಂಗಳವೇಢೆಯಿಂದ ಆಳುತ್ತಿದ್ದನು. ಇಂದು ಆ ಊರು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಗೆ ಸೇರಿದೆ. ಹರಿಹರ ಕವಿಯ ಬಸವರಾಜದೇವರ ರಗಳೆಯ ಪ್ರಕಾರ ಬಸವಣ್ಣನವರು ಅಲ್ಲಿ ಲೆಕ್ಕ ಬರೆಯುವ ಕರಣಿಕರಾಗಿ ಸೇರಿ, ಮುಂದೆ ಭಂಡಾರದ ಅಧಿಕಾರಕ್ಕೆ ಏರಿದರು. ಮಂತ್ರಿ ಬಲದೇವನು ಅವರ ಸೋದರಮಾವನೆಂದೂ ಆತನ ಮಗಳು ಗಂಗಾಂಬಿಕೆಯನ್ನು ಅವರು ವಿವಾಹವಾದರೆಂದೂ ಪುರಾಣಗಳಿಂದ ತಿಳಿಯುತ್ತದೆ. ಎರಡನೆಯ ಪತ್ನಿ ನೀಲಾಂಬಿಕೆ ಬಿಜ್ಜಳನ ಸಾಕುತಂಗಿಯೆಂಬ ಐತಿಹ್ಯವೂ ಇದೆ. 1162ರ ವೇಳೆಗೆ ಬಿಜ್ಜಳನು ಚಾಲುಕ್ಯರ ಸಿಂಹಾಸನವನ್ನೇ ಕೈವಶ ಮಾಡಿಕೊಂಡು ಕಲ್ಯಾಣದ ಒಡೆಯನಾದನು. ಹೀಗೆ ಭಂಡಾರಿಯ ಮನೆಯೂ ರಾಜಧಾನಿಯ ಮನೆಯಾಯಿತು.

ಅಧಿಕಾರ, ಸಂಬಂಧ, ಸಂಪತ್ತು ಮೂರೂ ಒಂದೆಡೆ ಕೂಡಿದ ಮನೆಯದು. ಅಂತಹ ಮನೆ ಏನಾಗಬಹುದೆಂಬುದನ್ನು ಎಲ್ಲ ಕಾಲದ ರಾಜಕಾರಣವೂ ನಮಗೆ ತೋರಿಸಿದೆ. ಆದರೆ ಬಸವಣ್ಣನವರ ಮನೆ ಬಂಧುಗಳ ಏಳಿಗೆಯ ಏಣಿಯಾಗಲಿಲ್ಲ. ಬಂದವರೆಲ್ಲರ ಊಟದ ಮನೆಯಾಯಿತು. ಅರಮನೆಯ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಆಸ್ಥಾನದಲ್ಲಿ ದೂರು ಹುಟ್ಟಿತು, ಅರಸನು ಭಂಡಾರವನ್ನು ಪರೀಕ್ಷಿಸಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ ಎಂಬ ಕಥೆಯನ್ನು ಕವಿಗಳು ಪವಾಡವಾಗಿ ಹಾಡಿದ್ದಾರೆ. ಪವಾಡದ ಹೊದಿಕೆಯನ್ನು ತೆಗೆದರೂ ಅದರೊಳಗಿನ ತಿರುಳು ಉಳಿಯುತ್ತದೆ: ಪರರ ಹಣ ಕಾಯುವವನ ಲೆಕ್ಕ ಶುದ್ಧವಾಗಿರಬೇಕು.

ಆ ಮನೆಯ ಹೆಣ್ಣುಮಕ್ಕಳು ಕೇವಲ ಬಡಿಸುವವರಾಗಿ ಉಳಿಯಲಿಲ್ಲ. ಗಂಗಾಂಬಿಕೆ, ನೀಲಾಂಬಿಕೆ, ನಾಗಮ್ಮ ಮೂವರೂ ವಚನಕಾರ್ತಿಯರು. ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ನಾಗಮ್ಮನ ಮಗ ಚೆನ್ನಬಸವಣ್ಣನ ಅಂಕಿತ ಕೂಡಲಚೆನ್ನಸಂಗಮದೇವ. ನಾಗಮ್ಮನ ಅಂಕಿತ ಬಸವಣ್ಣಪ್ರಿಯ ಚೆನ್ನಸಂಗಯ್ಯ; ಅದರೊಳಗೆ ತಮ್ಮನ ಹೆಸರೇ ಸೇರಿಕೊಂಡಿದೆ. ಈ ಅಂಕಿತಗಳನ್ನು ಸಾಲಾಗಿ ಓದಿದರೆ ಒಂದು ಕುಟುಂಬದವರು ಒಬ್ಬರ ದನಿಗೆ ಒಬ್ಬರು ದನಿಗೂಡಿಸಿದಂತೆ ಕೇಳಿಸುತ್ತದೆ. ಹೊರಗಿನವರೂ ಆ ಮನೆಗೆ ಒಳಗಿನವರಾದರು. ಸಿಂದಗಿ ಸೀಮೆಯ ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವ ಕಾಯಕದವರು. ಬಾಗೇವಾಡಿ ಬಳಿಯ ಮಸಬಿನಾಳದ ಹಡಪದ ಅಪ್ಪಣ್ಣ ಬಸವಣ್ಣನವರಿಗೆ ಅತ್ಯಂತ ಹತ್ತಿರದವರು. ರಕ್ತಸಂಬಂಧದಷ್ಟೇ ಕಾಯಕಸಂಬಂಧವೂ ಅಲ್ಲಿ ಗಟ್ಟಿಯಾಗಿತ್ತು.

ಸಮಾನತೆಯ ಮಾತು ಊಟದ ಪಂಕ್ತಿಯನ್ನು ದಾಟಿ ಮದುವೆಯ ಹಂದರಕ್ಕೆ ಬಂದಾಗ ರಾಜಧಾನಿ ಸಹಿಸಲಿಲ್ಲ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದರೆಂದೂ ಇಬ್ಬರು ತಂದೆಯರನ್ನೂ ಘೋರ ಶಿಕ್ಷೆಗೆ ಗುರಿಮಾಡಲಾಯಿತೆಂದೂ ಪುರಾಣಗಳು ಹೇಳುತ್ತವೆ. 1167ರ ಸುಮಾರಿಗೆ ಕಲ್ಯಾಣ ಹೊತ್ತಿ ಉರಿಯಿತು. ಬಿಜ್ಜಳನ ಕೊಲೆಯಾಯಿತೆಂದು ಪುರಾಣಗಳು ಹೇಳಿದರೆ, ಆತನು ಮಗ ಸೋವಿದೇವನಿಗೆ ರಾಜ್ಯವನ್ನು ಒಪ್ಪಿಸಿದನೆಂದು ಶಾಸನಗಳು ಹೇಳುತ್ತವೆ. ಬಸವಣ್ಣನವರು ಕೂಡಲಸಂಗಮಕ್ಕೆ ಹಿಂದಿರುಗಿ ಅಲ್ಲಿಯೇ ಐಕ್ಯರಾದರು.

ಮನೆಯವರ ಗತಿ ಏನಾಯಿತು? ಅವರ ಐಕ್ಯಸ್ಥಳಗಳೆಂದು ಜನರು ಪೂಜಿಸುತ್ತ ಬಂದಿರುವ ಊರುಗಳನ್ನು ಕರ್ನಾಟಕದ ಭೂಪಟದಲ್ಲಿ ಗುರುತಿಸಿದರೆ ಉತ್ತರ ದೊರೆಯುತ್ತದೆ. ಕೂಡಲಸಂಗಮದಿಂದ ಕರೆ ಬಂದಾಗ ಹೊರಟ ನೀಲಾಂಬಿಕೆ ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಡದಲ್ಲಿಯೇ ಕೊನೆಯುಸಿರೆಳೆದರು. ಪತಿಯ ಸಂಗಮ ನದಿಯಾಚೆ ಉಳಿಯಿತು. ಗಂಗಾಂಬಿಕೆ ಮಲಪ್ರಭೆಯ ದಡದ ಎಂ.ಕೆ. ಹುಬ್ಬಳ್ಳಿಯಲ್ಲಿ, ನಾಗಮ್ಮ ತರೀಕೆರೆಯ ಬಳಿಯ ಎಣ್ಣೆಹೊಳೆಯಲ್ಲಿ, ಚೆನ್ನಬಸವಣ್ಣ ಉತ್ತರ ಕನ್ನಡದ ದಟ್ಟ ಕಾಡಿನ ಉಳವಿಯಲ್ಲಿ. ಒಂದೇ ಅಡುಗೆಮನೆಯ ಅನ್ನ ಉಂಡವರು ಒಂದೇ ಮಣ್ಣಿನಲ್ಲಿ ಮಲಗಲಿಲ್ಲ. ಬೆನ್ನಟ್ಟಿದ ಸೈನ್ಯವನ್ನು ಎದುರಿಸುತ್ತ ನಾಗಮ್ಮ, ಚೆನ್ನಬಸವಣ್ಣ, ಮಾಚಯ್ಯ ಮೊದಲಾದವರು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯ ಕಡೆಗೆ ನಡೆದರೆಂಬ ನೆನಪು ಇಂದಿಗೂ ಜೀವಂತವಾಗಿದೆ. ಭರತ ಹುಣ್ಣಿಮೆಯ ಉಳವಿ ಜಾತ್ರೆಗೆ ಉತ್ತರ ಕರ್ನಾಟಕದ ರೈತರು ಎತ್ತಿನ ಬಂಡಿ ಕಟ್ಟಿಕೊಂಡು ಹೋಗುವುದು ಅದೇ ನೆನಪಿನಿಂದ.

ಇಂತಹ ಕಥೆ ಒಂದು ನಾಡಿಗೆ ಮಾತ್ರ ಸೇರಿದ್ದಲ್ಲ. ಪ್ರತಿವರ್ಷ ಸೆಪ್ಟೆಂಬರ್ 20ರಂದು ಧರ್ಮಸಭೆ ಸ್ಮರಿಸುವ ಕೊರಿಯಾದ ರಕ್ತಸಾಕ್ಷಿಗಳಲ್ಲಿ ಸಂತ ಪೌಲ್ ಚೊಂಗ್ ಹಾಸಾಂಗ್ ಒಬ್ಬರು. ಅವರ ಚಿಕ್ಕಪ್ಪ ಚೊಂಗ್ ಯಾಕ್‌ಯೊಂಗ್ ರಾಜ ಚೊಂಗ್‌ಜೊನ ಮೆಚ್ಚಿನ ಆಸ್ಥಾನಾಧಿಕಾರಿ. 1800ರಲ್ಲಿ ರಾಜನು ತೀರಿಕೊಂಡ ಮರುವರ್ಷವೇ ಕ್ರೈಸ್ತರ ಮೇಲೆ ಹಿಂಸೆ ಆರಂಭವಾಯಿತು. ಕೊರಿಯಾದ ಜನಭಾಷೆಯಲ್ಲಿ ಧರ್ಮೋಪದೇಶದ ಪುಸ್ತಕ ಬರೆದಿದ್ದ ಹಾಸಾಂಗರ ತಂದೆ ಆಗಸ್ಟಿನ್ ಯಾಕ್‌ಜೊಂಗರ ಶಿರಚ್ಛೇದವಾಯಿತು. ಯಾಕ್‌ಯೊಂಗರು ಧರ್ಮಸಭೆಯಿಂದ ದೂರ ಸರಿದಿದ್ದರೂ ಹದಿನೆಂಟು ವರ್ಷ ಗಡೀಪಾರಿನಲ್ಲಿ ಕಳೆದರು. ಪ್ರಜೆಗಳನ್ನು ಪಾಲಿಸುವ ಅಧಿಕಾರಿ ಹೇಗಿರಬೇಕೆಂಬ ಮಹಾಗ್ರಂಥವನ್ನು ಅಲ್ಲಿಯೇ ರಚಿಸಿದರು. 1839ರಲ್ಲಿ ಹಾಸಾಂಗ್, ಅವರ ತಾಯಿ ಸಿಸಿಲಿಯಾ, ತಂಗಿ ಎಲಿಜಬೆತ್ ಮೂವರೂ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟರು. 1984ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಮೂವರನ್ನೂ ಸಂತರೆಂದು ಘೋಷಿಸಿದರು. ಕಾಲ ಬೇರೆ, ದೇಶ ಬೇರೆ, ವಿಶ್ವಾಸ ಬೇರೆ. ಆದರೂ ಆಸ್ಥಾನದ ಮನೆಯೊಂದು ಚದುರಿ ಹೋದ ಬಗೆ, ಜನರ ನುಡಿಯಲ್ಲಿ ಬರೆದ ಮಾತು ಉಳಿದ ಬಗೆ ಎರಡೂ ಕಡೆ ಒಂದೇ.

ಬಸವಣ್ಣನವರ ವಿಷಯದಲ್ಲಿ ಚರಿತ್ರೆ ಇನ್ನೊಂದು ಪಾಠವನ್ನೂ ಕಾದಿರಿಸಿತ್ತು. ಬಾಸೆಲ್ ಮಿಶನ್ನಿನ ಪಾದ್ರಿ ವುರ್ತ್ ಅವರು 1860ರ ದಶಕದಲ್ಲಿ ಬಸವಪುರಾಣವನ್ನು ಇಂಗ್ಲಿಷಿಗೆ ತಂದು ಹೊರನಾಡಿನ ವಿದ್ವಾಂಸರಿಗೆ ಪರಿಚಯಿಸಿದರು. ಆದರೆ ಬಿಜ್ಜಳನ ಶಾಸನಗಳಲ್ಲಿ ಈ ಮಂತ್ರಿಯ ಹೆಸರು ಕಾಣದೆ ಹೋದುದರಿಂದ ಫ್ಲೀಟರಂತಹ ಸಂಶೋಧಕರು ಪುರಾಣದ ಮಾತನ್ನು ಸಂದೇಹಿಸಿದರು. ಆ ಸಂದೇಹಕ್ಕೆ ಉತ್ತರ ಕೊಟ್ಟದ್ದು ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನ. ತರ್ದವಾಡಿ ನಾಡಿನ ಬಾಗೇವಾಡಿ, ಅದರ ಅಧಿಪತಿ ಮಾದಿರಾಜ, ಆತನ ಮಗ ಬಸವರಾಜ ಇವರನ್ನು ಅದು ಹೆಸರಿಸುತ್ತದೆ. ಶಾಸನ ಹುಟ್ಟಿದ್ದು ಬಸವಣ್ಣನವರ ಅಧಿಕಾರವನ್ನು ಹೊಗಳಲು ಅಲ್ಲ. ಅವರ ಅಣ್ಣ ದೇವರಾಜನ ವಂಶದ ಹಾಲಬಸವಿದೇವನಿಗೆ ಕೊಟ್ಟ ದತ್ತಿಯನ್ನು ದಾಖಲಿಸಲು. ಅರಸನ ಕಲ್ಲುಗಳು ಭಂಡಾರಿಯನ್ನು ಮರೆತಾಗ ಆತನ ಮನೆತನದ ಕಲ್ಲು ಅವನನ್ನು ನೆನೆಯಿತು.

ಕರ್ನಾಟಕ ಸರ್ಕಾರ 2024ರಲ್ಲಿ ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಆ ಗೌರವದ ಹಿಂದೆ ತಮ್ಮನನ್ನು ಸಾಕಿದ ಅಕ್ಕನಿದ್ದಾಳೆ, ನದಿ ದಾಟದೆ ಉಳಿದ ಮಡದಿಯಿದ್ದಾಳೆ, ವಚನಗಳನ್ನು ಕಾಡಿಗೆ ಕೊಂಡೊಯ್ದ ಸೋದರಳಿಯನಿದ್ದಾನೆ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಪಂಚಾಯಿತಿ, ಕಚೇರಿ, ಶಾಲೆ, ಸಹಕಾರ ಸಂಘಗಳಲ್ಲಿ ಜವಾಬ್ದಾರಿ ಹೊತ್ತವರು ಇದ್ದಾರೆ. ಅವರು ಮನೆಗೆ ಏನು ತಂದರೆಂದು ಕೇಳುವವರು ಅನೇಕರು. ಕೈ ಶುದ್ಧವಾಗಿಟ್ಟುಕೊಳ್ಳಲು ಮನೆಯವರು ಅವರಿಗೆ ಹೇಗೆ ನೆರವಾದರೆಂದು ಕೇಳುವವರು ವಿರಳ. ಗದ್ದುಗೆಯ ನೆರಳು ಗದ್ದುಗೆ ಇರುವಷ್ಟು ದಿನ ಮಾತ್ರ. ಅದು ಸರಿದ ಮೇಲೂ ಒಬ್ಬ ಮನುಷ್ಯನ ನಡೆನುಡಿಯನ್ನು ಎತ್ತಿ ಹಿಡಿಯುವವರು, ಅದಕ್ಕಾಗಿ ಕಷ್ಟಪಟ್ಟ ಮನೆಯವರೇ.