ಅಮ್ಮನ ಟ್ರಂಕಿನ ಉಣ್ಣೆ

ಸ್ವೆಟರ್ ಹೆಣೆಯುವವರಿಗೆ ಉಳಿದ ಉಣ್ಣೆ ಒಡವೆಯೂ ಹೌದು, ಹೊರೆಯೂ ಹೌದು. ಒಮ್ಮೆ ಬಣ್ಣಕಟ್ಟಿದ ಉಣ್ಣೆ ಇನ್ನೊಮ್ಮೆ ಕಟ್ಟಿದ್ದಕ್ಕೆ ಸರಿಯಾಗಿ ಹೊಂದದಾದ್ದರಿಂದ ಎರಡು ಉಂಡೆ ಹೆಚ್ಚಿಗೇ ಕೊಳ್ಳುವರು. ಕೊಪ್ಪದ ನಮ್ಮ ಮನೆಯ ಟ್ರಂಕಿನಲ್ಲಿ ಇದ್ದುದು ಮಾತ್ರ ಬೇರೆ ಬಗೆಯದು.

1962ರ ಅಕ್ಟೋಬರ್ 20ರಂದು ಚೀನಾದ ಆಕ್ರಮಣ ಆರಂಭವಾಯಿತು. (ನನ್ನ ತರಗತಿಯಲ್ಲಿ ಕುಳಿತವರಿಗೆ ಈ ದಿನಾಂಕ ನೆನಪಿರಬೇಕು!) ಹಿಮದ ಗಡಿಯಲ್ಲಿ ನಮ್ಮ ಯೋಧರಿಗೆ ಬೆಚ್ಚನೆಯ ಉಡುಪು ಸಾಲದೆಂದು ತಿಳಿದು ದೇಶದಾದ್ಯಂತ ಸ್ತ್ರೀಯರು ಸ್ವೆಟರ್ ಹೆಣೆಯತೊಡಗಿದರು. ರಕ್ಷಣಾ ನಿಧಿಗೆ ಬಳೆ ಬಿಚ್ಚಿಕೊಟ್ಟವರೂ ಉಂಟು. ಅಮ್ಮ ಹಸಿರು ಉಣ್ಣೆ ತಂದಳು. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನವಿರಾಮ ಘೋಷಿಸಿದಾಗ ಎರಡನೆಯ ತೋಳು ಇನ್ನೂ ಕಡ್ಡಿಯ ಮೇಲಿತ್ತು.

ನನಗಾಗ ನಾಲ್ಕು ವರ್ಷ. ಇದೆಲ್ಲ ಮುಂದೆ ಅವಳಿಂದಲೇ ಕೇಳಿದ್ದು. ಯುದ್ಧ ನಿಂತರೆ ಚಳಿ ನಿಂತೀತೇ ಎಂದು ತಂದೆಯವರು ಹೇಳಿದರೂ ಆಕೆ ಅದನ್ನು ಮುಗಿಸಲಿಲ್ಲ. ಯುದ್ಧ ನಿಂತದ್ದಕ್ಕೆ ಸಮಾಧಾನ, ತನ್ನ ಕೈ ನಿಧಾನವಾದುದಕ್ಕೆ ಸಂಕೋಚ, ಎರಡೂ ಅವಳಲ್ಲಿದ್ದವು. ಪ್ರತಿ ಮಳೆಗಾಲ ಕಳೆದ ಮೇಲೆ ಬೂಷ್ಟು ಹಿಡಿಯದಂತೆ ಬಿಸಿಲಿಗೆ ಹಾಕಿ, ನುಸಿಗುಳಿಗೆ ಬದಲಿಸಿ ಮಡಚಿಡುವಳು. ಬಿಚ್ಚಿ ನನಗೊಂದು ಹೆಣೆದುಕೊಡೆಂದು ಒಮ್ಮೆ ಕೇಳಿದ್ದೆ. "ಅದು ನಿನ್ನದಲ್ಲ ಮಗು," ಎಂದಳು.

ಟ್ರಂಕು ಈಗ ನರಸಿಂಹರಾಜಪುರದಲ್ಲಿ ತಂಗಿಯ ಮನೆಯಲ್ಲಿದೆ. ಕಳೆದ ದೀಪಾವಳಿಯಲ್ಲಿ ಬಿಸಿಲಿಗೆ ಹಾಕಿದ್ದಳು. ಇನ್ನೇಕೆ ಇದು ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.